ಕೂರ್ಗ್ ಆರೆಂಜ್: ಆರೆಂಜ್ ಎಂಬ ಪದ ಎಲ್ಲಿಂದ ಹೊರಟಿತು?

ಕುಶಾಲನಗರದಿಂದ ಮಡಿಕೇರಿ ಕಡೆ ಬರುವಾಗ ರಸ್ತೆ ಬದಿಯ ಹಣ್ಣಿನಂಗಡಿಗಳಲ್ಲಿ ಒಂದು ಬೋರ್ಡ್ ಕಾಣುತ್ತದೆ. ಕೂರ್ಗ್ ಆರೆಂಜ್. ಎರಡೇ ಪದ. ಕೂರ್ಗ್ ಅನ್ನೋದು ಬ್ರಿಟಿಷರ ಬಾಯಲ್ಲಿ ಕೊಡಗು ಪಡೆದ ರೂಪ ಅಂತ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆರೆಂಜ್ ಕೂಡ ಅಂಥದ್ದೇ ಪದ ಅಂತ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದೂ ದಕ್ಷಿಣ ಭಾರತದಿಂದಲೇ ಹೊರಟ ಪದ. ಅರ್ಧ ಪ್ರಪಂಚ ಸುತ್ತಿ, ದಾರಿಯಲ್ಲಿ ತನ್ನ ಮೊದಲ ಅಕ್ಷರವನ್ನೇ ಕಳೆದುಕೊಂಡು, ಇಂಗ್ಲಿಷ್ ವೇಷದಲ್ಲಿ ವಾಪಸ್ ಬಂದಿದೆ.

ಇದನ್ನು ನಂಬಲು ನಿಘಂಟು ತೆಗೆಯಬೇಕಾಗಿಲ್ಲ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆ ಹೋಗಿ, ಯಾವುದಾದರೂ ಚಿಕ್ಕ ಅಂಗಡಿಯಲ್ಲಿ 'ನಾರಂಗಾ ವೆಳ್ಳಂ' ಕೇಳಿ. ನಿಂಬೆ ಹಣ್ಣಿನ ಶರಬತ್ತು ಕೊಡುತ್ತಾರೆ. ಮಲಯಾಳದಲ್ಲಿ ನಾರಂಗ ಅಂದರೆ ನಿಂಬೆ. ಕಿತ್ತಳೆ ಬೇಕು ಅಂದರೆ 'ಮಧುರ ನಾರಂಗ' ಅನ್ನಬೇಕು, ಅಂದರೆ ಸಿಹಿ ನಾರಂಗ. ತಮಿಳಿನವರು ಉಪ್ಪಿನಕಾಯಿಗೆ ಹಾಕುವ ದೊಡ್ಡ ಹುಳಿಹಣ್ಣಿಗೆ ನಾರ್ತ್ತಂಗಾಯ್ ಅನ್ನುತ್ತಾರೆ. ಗಡಿಯಾಚೆ ದಿನಾ ಬಳಸುವ ಈ ಪದಗಳೂ ಇಂಗ್ಲಿಷಿನ ಆರೆಂಜ್ ಪದವೂ ಒಂದೇ ಬಳ್ಳಿಯವು.

ಮೂಲದಲ್ಲಿ ಇದು ದ್ರಾವಿಡ ಪದ ಇರಬೇಕು ಅನ್ನೋದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ. ಅದರೊಳಗೆ 'ನರು' ಅನ್ನುವ ಪದ ಇದೆ, ಅದಕ್ಕೆ ಪರಿಮಳ ಅಂತ ಅರ್ಥ ಅನ್ನೋದು ಒಂದು ವಿವರಣೆ. ನರು ನಮಗೂ ಹೊಸದಲ್ಲ, ಹಳಗನ್ನಡ ಓದಿದವರಿಗೆ 'ನರುಗಂಪು' ನೆನಪಿರುತ್ತದೆ. ನನಗೆ ಈ ವಿವರಣೆ ಹಿಡಿಸುತ್ತದೆ. ಈ ಜಾತಿಯ ಗಿಡದ ಎಲೆ ಕಿವುಚಿದರೂ ಸಾಕು, ಕೈಯೆಲ್ಲ ಘಮಘಮ. ಹಣ್ಣು ತಿನ್ನುವ ಮೊದಲೇ ಗೊತ್ತಾಗುವುದು ವಾಸನೆ, ಹೆಸರೂ ಅದರ ಮೇಲೆ ಬಂದಿದ್ದರೆ ಆಶ್ಚರ್ಯ ಇಲ್ಲ.

ಇನ್ನೊಂದು ಕಥೆಯೂ ಓಡಾಡುತ್ತಿದೆ. ಒಂದು ಆನೆ ಕಾಡಿನಲ್ಲಿ ಈ ಹಣ್ಣನ್ನು ಮಿತಿಮೀರಿ ತಿಂದು ಹೊಟ್ಟೆಯೊಡೆದು ಸತ್ತಿತಂತೆ, ನಾಗ ಅಂದರೆ ಆನೆ, ಹಾಗಾಗಿ ನಾಗರಂಗ, ಅದೇ ನಾರಂಗ ಆಯಿತಂತೆ. ಕೇಳೋಕೆ ಚೆನ್ನಾಗಿದೆ. ಆದರೆ ಇದು ಪದ ಹುಟ್ಟಿದ ಮೇಲೆ ಅದಕ್ಕೆ ಹೊಲಿದ ಅಂಗಿ. ಹಲಸಿನ ಕಾಲದಲ್ಲಿ ತೋಟಕ್ಕೆ ನುಗ್ಗುವ ಆನೆ ಎಷ್ಟು ತಿಂದು ಅರಗಿಸಿಕೊಳ್ಳುತ್ತದೆ ಅಂತ ನೋಡಿದ ಕೊಡಗಿನವರಂತೂ ಇದನ್ನು ನಂಬುವುದಿಲ್ಲ ಬಿಡಿ.

ಸಂಸ್ಕೃತಕ್ಕೆ ಹೋದ ಪದ 'ನಾರಂಗ' ಆಯಿತು. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಹಣ್ಣುಗಳ ಗುಣ ಹೇಳುವಾಗ ಈ ಹೆಸರು ಬರುತ್ತದೆ. ಅಲ್ಲಿಂದ ಪರ್ಷಿಯಾಕ್ಕೆ ಹೋಗಿ ನಾರಂಗ್. ಅರಬ್ಬಿಯಲ್ಲಿ ಗಕಾರ ಜಕಾರವಾಗಿ ನಾರಂಜ್. ಹಣ್ಣು ಎಲ್ಲಿಗೆ ಹೋಯಿತೋ ಹೆಸರೂ ಅದರ ಹಿಂದೆಯೇ ಹೋಯಿತು. ಅರಬ್ಬರು ಈ ಗಿಡವನ್ನು ಸಿಸಿಲಿಗೆ, ಸ್ಪೇನಿಗೆ ಒಯ್ದರು. ಸ್ಪೇನಿನ ಸೆವಿಲ್ ಮತ್ತು ಕಾರ್ಡೋಬಾದಲ್ಲಿ ಹಳೆಯ ಮಸೀದಿ ಇದ್ದ ಜಾಗಗಳಲ್ಲಿ ಇವತ್ತಿಗೂ ಈ ಮರಗಳ ಅಂಗಳ ಇದೆ, ಆ ಅಂಗಳಕ್ಕೆ ಹೆಸರೇ 'ನರಾಂಹೋ'ಗಳ ಅಂಗಳ. ಹಣ್ಣಿಗೆ ಸ್ಪ್ಯಾನಿಷ್‌ನಲ್ಲಿ ನರಾಂಹಾ. ನ ಇನ್ನೂ ಬಿದ್ದಿಲ್ಲ ನೋಡಿ. ಪೋರ್ಚುಗೀಸರಲ್ಲಿ ನ ಹೋಗಿ ಲ ಬಂತು, ಲರಾಂಜ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಆಗ ಯುರೋಪಿಗೆ ಹೋದದ್ದು ನಾವು ಸುಲಿದು ತಿನ್ನುವ ಸಿಹಿ ಹಣ್ಣಲ್ಲ, ಕಹಿ ಮಿಶ್ರಿತ ಹುಳಿ ಹಣ್ಣು. ಕೊಡಗಿನಲ್ಲಿ ಕೈಪುಳಿ ತಿಂದವರಿಗೆ ಆ ರುಚಿ ಸುಮಾರಾಗಿ ಗೊತ್ತು. ಹೆಸರೇ ಹೇಳುತ್ತದೆ, ಕೈಪು ಅಂದರೆ ಕಹಿ, ಪುಳಿ ಅಂದರೆ ಹುಳಿ. ತಿರುಳು ಬಿಡಿಸಿ ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಕೈಪುಳಿ ಪಜ್ಜಿ ಮಾಡಿದರೆ ಮಳೆಗಾಲದ ಊಟಕ್ಕೆ ಇನ್ನೇನೂ ಬೇಡ. ಸುಮ್ನೆ ಸುಲಿದು ಬಾಯಿಗೆ ಹಾಕಿಕೊಂಡರೆ ಮುಖ ಕಿವುಚುತ್ತೀರಿ, ಅಷ್ಟೇ. ಯುರೋಪಿನವರೂ ಮೊದಲು ಇಂಥ ಹಣ್ಣನ್ನು ಅಡುಗೆಗೆ, ಔಷಧಿಗೆ ಬಳಸುತ್ತಿದ್ದರು.

ಈಗ ನ ಎಲ್ಲಿ ಹೋಯಿತು ಅನ್ನೋ ಪ್ರಶ್ನೆ. ಜನ ಸಾಮಾನ್ಯವಾಗಿ ಹೇಳುವ ಉತ್ತರ ಹೀಗಿದೆ: ಇಂಗ್ಲಿಷ್‌ನಲ್ಲಿ 'ಎ ನಾರೆಂಜ್' ಅಂತಿತ್ತು, ಬೇಗ ಬೇಗ ಹೇಳುವಾಗ ಅದು 'ಆನ್ ಆರೆಂಜ್' ಅಂತ ಕೇಳಿಸಿತು, ನ ಪದ ಬಿಟ್ಟು ಅದರ ಹಿಂದಿನ 'ಎ'ಗೆ ಅಂಟಿಕೊಂಡಿತು. ಅರ್ಧ ಸರಿ. ನ ಕಳೆದದ್ದು ಈ ರೀತಿಯಲ್ಲೇ, ಆದರೆ ಇಂಗ್ಲಿಷ್‌ನಲ್ಲಿ ಅಲ್ಲ, ಅದಕ್ಕಿಂತ ಮೊದಲು. ಇಟಾಲಿಯನ್‌ನಲ್ಲಿ 'ಉನಾ ನರಾಂಚಾ' ಅನ್ನುವಾಗ ಎರಡು ನ ಒಟ್ಟಿಗೆ ಸೇರಿ ಒಂದು ನುಂಗಿಹೋಗಿ ಅರಾಂಚಾ ಆಯಿತು. ಫ್ರೆಂಚ್‌ನಲ್ಲೂ ಹಾಗೇ ಆಗಿ ಓರೆಂಜ್. ಇಂಗ್ಲಿಷ್‌ಗೆ ಬರುವ ಹೊತ್ತಿಗೆ ಪದ ಬೋಳಾಗಿಯೇ ಬಂತು.

ಹಾಗಂತ ಇಂಗ್ಲಿಷ್ ಏನೂ ಸಾಚಾ ಅಲ್ಲ. ಬೇರೆ ಪದಗಳಲ್ಲಿ ಇದೇ ಕೆಲಸ ಮಾಡಿದೆ. ಅಡುಗೆಯವರು ಕಟ್ಟಿಕೊಳ್ಳುವ ಏಪ್ರನ್ ಮೊದಲು ನೇಪ್ರನ್ ಆಗಿತ್ತು, ಅದರ ಸಂಬಂಧಿ ನ್ಯಾಪ್ಕಿನ್ ಮಾತ್ರ ನ ಉಳಿಸಿಕೊಂಡಿದೆ. ಕೊಡಗಿನ ಹಾಕಿ ಮೈದಾನಗಳಲ್ಲಿ ಎಲ್ಲರ ಬೈಗುಳ ತಿನ್ನುವ ಅಂಪೈರ್ ಕೂಡ ಹೀಗೇ ನ ಕಳೆದುಕೊಂಡವನು. ಮೂಲ ಪದ ನೌಂಪೇರ್, ಸಮ ಅಲ್ಲದವನು ಅಂತ ಅರ್ಥ, ಅಂದರೆ ಎರಡು ಪಕ್ಷಕ್ಕೂ ಸೇರದ ಮೂರನೆಯವನು. ಉಲ್ಟಾ ಕೂಡ ಆಗಿದೆ. ಅಡ್ಡಹೆಸರಿಗೆ ಇಂಗ್ಲಿಷಿನವರು 'ಆನ್ ಈಕ್ ನೇಮ್' ಅನ್ನುತ್ತಿದ್ದರು, ಅಂದರೆ ಇನ್ನೊಂದು ಹೆಸರು. ಅಲ್ಲಿನ ನ ಈಚೆ ಹಾರಿ ನಿಕ್‌ನೇಮ್ ಆಯಿತು.

ನ ಹೋಯಿತು ಸರಿ, ಮೊದಲ ಅ ಯಾಕೆ ಒ ಆಯಿತು? ಫ್ರೆಂಚ್‌ನಲ್ಲಿ 'ಓರ್' ಅಂದರೆ ಚಿನ್ನ. ಚಿನ್ನದ ಬಣ್ಣದ ಹಣ್ಣು, ಹೆಸರಿನಲ್ಲೂ ಚಿನ್ನ ಇರಬೇಕು ಅಂತ ಜನರ ಕಿವಿಗೆ ಅನ್ನಿಸಿರಬೇಕು. ಓರಾಂಜ್ ಅನ್ನುವ ಊರಿನ ಹೆಸರಿನ ಪ್ರಭಾವವೂ ಇರಬಹುದು ಅನ್ನುತ್ತಾರೆ. ಇಂಗ್ಲೆಂಡಿಗೆ ಈ ಹಣ್ಣು ಬಂದ ಒಂದು ಹಳೆಯ ಲೆಕ್ಕವೂ ಇದೆ. 1290ರಲ್ಲಿ ಅಲ್ಲಿನ ಪೋರ್ಟ್ಸ್‌ಮತ್ ಬಂದರಿಗೆ ಸ್ಪೇನಿನ ಒಂದು ಹಡಗು ಬಂದಿತ್ತು. ಇಂಗ್ಲೆಂಡಿನ ರಾಣಿ ಎಲಿನರ್ ಹುಟ್ಟಿದ್ದು ಸ್ಪೇನಿನ ಕಾಸ್ಟೀಲಿನಲ್ಲಿ. ಆಕೆ ಆ ಹಡಗಿನಿಂದ ಅಂಜೂರ, ಒಣದ್ರಾಕ್ಷಿ, ದಾಳಿಂಬೆಗಳ ಜೊತೆಗೆ 7 ಆರೆಂಜ್ ಹಣ್ಣು ಕೊಂಡ ಲೆಕ್ಕ ಸಿಗುತ್ತದೆ. ಏಳೇ ಏಳು! ತವರಿನ ರುಚಿ ಬಿಟ್ಟಿರಲಾರದ ಹೆಣ್ಣುಮಗಳು ಅಂತ ಕಾಣುತ್ತದೆ.

ಮೇಲೆ ಹೇಳಿದ ಓರಾಂಜ್ ಊರಿನದ್ದು ಬೇರೆಯೇ ಕಥೆ. ಅದು ದಕ್ಷಿಣ ಫ್ರಾನ್ಸಿನಲ್ಲಿದೆ, ರೋಮನ್ನರ ಕಾಲದಲ್ಲಿ ಅರೌಸಿಯೋ ಅಂತ ಕರೆಯುತ್ತಿದ್ದರು. ಹಣ್ಣಿಗೂ ಆ ಹೆಸರಿಗೂ ಹುಟ್ಟಿನಲ್ಲಿ ಯಾವ ಸಂಬಂಧವೂ ಇಲ್ಲ, ಸವೆದು ಸವೆದು ಎರಡೂ ಒಂದೇ ಥರ ಕೇಳುವ ಹಾಗಾಯಿತು. 1544ರಲ್ಲಿ ಆ ಊರಿನ ಪಟ್ಟ ನಸ್ಸೌ ಮನೆತನದ ವಿಲಿಯಂಗೆ ಬಂತು. ಮುಂದೆ ಇದೇ ವಿಲಿಯಂ ಸ್ಪೇನಿನ ವಿರುದ್ಧ ಡಚ್ಚರ ಬಂಡಾಯಕ್ಕೆ ನಾಯಕನಾದ. ಊರಿನ ಹೆಸರು ಮನೆತನದ ಹೆಸರಾಯಿತು, ಮನೆತನದ ಹೆಸರು ಬಣ್ಣವಾಯಿತು. ಹಾಕಿ ನೋಡುವ ನಮ್ಮವರಿಗೆ ನೆದರ್ಲೆಂಡ್ಸ್ ತಂಡದ ಕಿತ್ತಳೆ ಜರ್ಸಿ ಚೆನ್ನಾಗಿ ಗೊತ್ತಲ್ವಾ, ಅದು ಹಣ್ಣಿನಿಂದ ಬಂದದ್ದಲ್ಲ, ಈ ಊರಿನಿಂದ ಬಂದದ್ದು. ತಮಾಷೆ ಏನೆಂದರೆ ಮೈತುಂಬ ಆರೆಂಜ್ ಹಾಕಿಕೊಳ್ಳುವ ಡಚ್ಚರು ಹಣ್ಣನ್ನು ಮಾತ್ರ ಆರೆಂಜ್ ಅನ್ನುವುದಿಲ್ಲ. ಅವರ ಭಾಷೆಯಲ್ಲಿ ಅದಕ್ಕೆ ಸಿನಾಸ್ ಆಪಲ್, ಚೀನಾದ ಸೇಬು. ಕ್ಯಾರೆಟ್‌ಗೆ ಆ ಬಣ್ಣ ಬಂದದ್ದೂ ಈ ಮನೆತನದ ಗೌರವಕ್ಕೆ ಅಂತ ಒಂದು ಮಾತಿದೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ.

ಬಣ್ಣದ ವಿಷಯ ಬಂತಲ್ಲ, ಹಣ್ಣಿಗೆ ಬಣ್ಣದಿಂದ ಹೆಸರು ಬಂತೋ, ಬಣ್ಣಕ್ಕೆ ಹಣ್ಣಿನಿಂದ ಬಂತೋ ಅಂತ ಮಕ್ಕಳು ಕೇಳುತ್ತಾರೆ. ಹಣ್ಣು ಮೊದಲು. ಇಂಗ್ಲಿಷ್‌ನಲ್ಲಿ ಆರೆಂಜ್ ಅನ್ನುವುದು ಬಣ್ಣದ ಹೆಸರಾಗಿ ಕಾಣಿಸುವುದು 16ನೇ ಶತಮಾನದ ಶುರುವಿನಲ್ಲಿ, ಬಟ್ಟೆಯ ಲೆಕ್ಕಪತ್ರಗಳಲ್ಲಿ. ಅದಕ್ಕೆ ಮೊದಲು ಆ ಬಣ್ಣ ಇರಲಿಲ್ಲವಾ? ಇತ್ತು, ಕೆಂಪಿನ ಲೆಕ್ಕಕ್ಕೋ ಹಳದಿಯ ಲೆಕ್ಕಕ್ಕೋ ಹೋಗುತ್ತಿತ್ತು. ಇಂಗ್ಲೆಂಡಿನ ರಾಬಿನ್ ಹಕ್ಕಿಯ ಎದೆ ನೋಡಿದರೆ ಅಪ್ಪಟ ಕಿತ್ತಳೆ ಬಣ್ಣ, ಆದರೆ ಹಳಬರು ಇಟ್ಟ ಹೆಸರು ಕೆಂಪೆದೆಯ ರಾಬಿನ್. ಕೂದಲು ಆ ಬಣ್ಣದ್ದಾದರೆ ಇವತ್ತಿಗೂ ಕೆಂಪು ಕೂದಲು ಅಂತಲೇ ಅನ್ನುತ್ತಾರೆ. ನಮ್ಮಲ್ಲೂ ನೋಡಿ, ಕಿತ್ತಳೆ ಬಣ್ಣ ಅನ್ನುತ್ತೇವೆ, ಹಣ್ಣಿನ ಹೆಸರೇ. ಕೇಸರಿ ಅನ್ನುತ್ತೇವೆ, ಅದು ಹೂವಿನ ಎಳೆ. ಕಾವಿ ಅನ್ನುತ್ತೇವೆ, ಅದು ಮಣ್ಣು.

ನ್ಯೂಟನ್ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಒಡೆದು ನೋಡಿದಾಗ ಮೊದಲು ಎಣಿಸಿದ ಮುಖ್ಯ ಬಣ್ಣಗಳು ಐದೇ. ಸಂಗೀತದ ಏಳು ಸ್ವರಗಳಿಗೆ ಹೊಂದಲಿ ಅಂತ ಆಮೇಲೆ ಎರಡು ಸೇರಿಸಿ ಏಳು ಮಾಡಿದ. ಆ ಎರಡು ಯಾವುವು ಗೊತ್ತಾ? ಆರೆಂಜ್ ಮತ್ತು ಇಂಡಿಗೊ. ಒಂದರ ಹೆಸರು ದಕ್ಷಿಣ ಭಾರತದ ಹಣ್ಣಿನದ್ದು, ಇನ್ನೊಂದು ಇಂಡಿಯಾದ ನೀಲಿ ಅನ್ನುವ ಅರ್ಥದ್ದು. ಕಾಮನಬಿಲ್ಲಿನ ಇಂಗ್ಲಿಷ್ ಪಟ್ಟಿಯಲ್ಲಿ ಏಳಕ್ಕೆ ಎರಡು ನಮ್ಮ ಕಡೆಯವು ಅಂದ ಹಾಗಾಯಿತು.

ಆದರೆ ನಮ್ಮ ಕಡೆಯ ಹಣ್ಣು ಪೂರ್ತಿ ಆರೆಂಜ್ ಬಣ್ಣಕ್ಕೆ ತಿರುಗುವುದೇ ಅಪರೂಪ. ಸಿಪ್ಪೆಯ ಹಸಿರು ಹೋಗಬೇಕಾದರೆ ರಾತ್ರಿ ಚೆನ್ನಾಗಿ ಚಳಿ ಬೀಳಬೇಕು. ಬೆಚ್ಚಗಿನ ಸೀಮೆಯಲ್ಲಿ ಒಳಗೆ ಹಣ್ಣಾಗಿದ್ದರೂ ಹೊರಗೆ ಹಸಿರು ಉಳಿಯುತ್ತದೆ. ಕೊಡಗಿನ ಕಿತ್ತಳೆಯೂ ಹಸಿರು ಮಿಶ್ರಿತ ಹಳದಿ. ಪ್ರವಾಸಕ್ಕೆ ಬಂದವರು ಅದನ್ನು ನೋಡಿ ಕಾಯಿ ಅಂದುಕೊಂಡು ಪಕ್ಕದಲ್ಲಿರುವ ಫಳಫಳ ಹಣ್ಣು ಕೊಂಡು ಹೋಗುತ್ತಾರೆ.

ಕನ್ನಡದ ಕಿತ್ತಳೆ ಅನ್ನುವ ಪದಕ್ಕೂ ನಾರಂಗಕ್ಕೂ ನಂಟಿಲ್ಲ. ಈ ಪದದ ಹಳೆಯ ರೂಪ ಕಿತ್ತಿಳೆ. 'ಇಳೆ' ಅನ್ನುವುದು ಈ ಜಾತಿಯ ಹುಳಿಹಣ್ಣಿಗೆ ಇದ್ದ ಹಳೆಯ ಹೆಸರು. ಕಿರಿದಾದ ಇಳೆ ಕಿತ್ತಿಳೆ. ಹಿರಿದಾದ ಇಳೆ ಪೇರಿಳೆ, ಅದು ಹೇರಿಳೆಯಾಗಿ ಈಗ ಹೆರಳೆ. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಬಳಸುವ ಹೆರಳೆಕಾಯಿ ಇದೆಯಲ್ಲ, ಅದೇ. ಇಳೆ ಅನ್ನುವ ಪದ ಒಂಟಿಯಾಗಿ ಕಾಣುವುದು ಈಗ ಅಪರೂಪ, ಅಣ್ಣ ತಮ್ಮ ಇಬ್ಬರಲ್ಲಿ ಉಳಿದಿದೆ. ಕನ್ನಡದವರು ಪರಿಮಳ ಬಿಟ್ಟು ಗಾತ್ರ ನೋಡಿ ಹೆಸರಿಟ್ಟರು, ವ್ಯವಹಾರಸ್ಥರು!

ಈಗ ಬೋರ್ಡಿನ ಹಣ್ಣಿಗೆ ಬರೋಣ. ಗಿಡಗಳ ಶಾಸ್ತ್ರದ ಪ್ರಕಾರ ಕೂರ್ಗ್ ಆರೆಂಜ್ ಆರೆಂಜ್ ಅಲ್ಲ, ಮ್ಯಾಂಡರಿನ್. ಸಿಪ್ಪೆಯನ್ನು ಕೈಯಲ್ಲೇ ಸುಲಿಯಬಹುದಾದ್ದು, ತೊಳೆ ಸಲೀಸಾಗಿ ಬಿಡಿಸುವಂಥದ್ದು ಮ್ಯಾಂಡರಿನ್. ಇಂಗ್ಲಿಷಿನವರು ಕಟ್ಟುನಿಟ್ಟಾಗಿ ಆರೆಂಜ್ ಅನ್ನುವ ಹಣ್ಣಿನ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಚಾಕು ಬೇಕು. ಆ ಆರೆಂಜ್ ಹುಟ್ಟಿದ್ದೇ ಮ್ಯಾಂಡರಿನ್ ಮತ್ತು ಚಕ್ಕೋತದ ಬೆರಕೆಯಿಂದ. ಹಾಗಾಗಿ ನಮ್ಮ ಹಣ್ಣಿನ ಕುಲ ಅದಕ್ಕೆ ಅಪ್ಪ ಅಮ್ಮನ ಸ್ಥಾನದಲ್ಲಿದೆ.

ಮ್ಯಾಂಡರಿನ್ ಪದವಂತೂ ಇನ್ನೂ ಮಜವಾಗಿದೆ. ಸಂಸ್ಕೃತದ ಮಂತ್ರಿ ಮಲಯ್ ಭಾಷೆಗೆ ಹೋಗಿ ಮೆಂತೆರಿ ಆಯಿತು. ಮಲಕ್ಕಾದಲ್ಲಿ ಪೋರ್ಚುಗೀಸರ ಕಿವಿಗೆ ಬಿದ್ದು ಮಂದರಿಂ ಆಯಿತು. ಚೀನಾದ ಅಧಿಕಾರಿಗಳನ್ನು ಅವರು ಹಾಗೆ ಕರೆದರು. ಆಮೇಲೆ ಆ ಅಧಿಕಾರಿಗಳು ಆಡುವ ಭಾಷೆಗೂ, ಚೀನಾದಿಂದ ಬಂದ ಹಣ್ಣಿಗೂ ಅದೇ ಹೆಸರು. ಅಧಿಕಾರಿಗಳ ನಿಲುವಂಗಿಯ ಬಣ್ಣದಿಂದ ಹಣ್ಣಿಗೆ ಹೆಸರು ಬಂತು ಅನ್ನುವವರೂ ಇದ್ದಾರೆ. ಒಟ್ಟಿನಲ್ಲಿ ಕೂರ್ಗ್ ಮ್ಯಾಂಡರಿನ್ ಅಂದರೆ ಕೊಡಗಿನ ಮಂತ್ರಿ. ಕೃಷಿ ಇಲಾಖೆಯ ಹಾಳೆಗಳಲ್ಲಿ ಈ ಹೆಸರು ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ಪೋರ್ಚುಗೀಸರು ಸುಮ್ಮನೆ ಕೂತವರಲ್ಲ. ಸಿಹಿ ಆರೆಂಜ್ ಯುರೋಪಿಗೆ ಹಬ್ಬುವುದರಲ್ಲಿ ಅವರ ವ್ಯಾಪಾರದ ಪಾತ್ರ ದೊಡ್ಡದು. ಎಷ್ಟು ಅಂದರೆ ಅರಬ್ಬಿಯಲ್ಲಿ ಈಗ ಸಿಹಿ ಹಣ್ಣಿಗೆ ಬುರ್ತುಕಾಲ್, ಟರ್ಕಿಯಲ್ಲಿ ಪೋರ್ತಕಾಲ್, ಗ್ರೀಕರಲ್ಲಿ ಪೋರ್ತೊಕಾಲಿ. ಎಲ್ಲವೂ ಪೋರ್ಚುಗಲ್ ದೇಶದ ಹೆಸರೇ. ನಾರಂಗ ಪದವನ್ನು ಪಶ್ಚಿಮಕ್ಕೆ ಹೊತ್ತು ಹೋದ ಅರಬ್ಬರೇ ಅದನ್ನು ಕಹಿ ಹಣ್ಣಿಗೆ ಬಿಟ್ಟುಕೊಟ್ಟು, ಸಿಹಿ ಹಣ್ಣಿಗೆ ಬೇರೆ ಹೆಸರು ಹಿಡಿದುಕೊಂಡಿದ್ದಾರೆ. ನಮ್ಮ ಮೋಸಂಬಿಯಲ್ಲಿ ಮೊಜಾಂಬಿಕ್ ಕೂತಿದೆ. ಟ್ಯಾಂಜರಿನ್‌ನಲ್ಲಿ ಮೊರಾಕೊದ ಟ್ಯಾಂಜಿಯರ್ ಪೇಟೆ. ಚಳಿಗಾಲದಲ್ಲಿ ಪಂಜಾಬಿನಿಂದ ಲೋಡುಗಟ್ಟಲೆ ಬರುವ ಕಿನ್ನೋ ಕೇಳೋಕೆ ಪಂಜಾಬಿ ಅನ್ನಿಸಿದರೂ ಅಮೆರಿಕದ್ದು. ಕ್ಯಾಲಿಫೋರ್ನಿಯಾದಲ್ಲಿ ಕಿಂಗ್ ಮತ್ತು ವಿಲೋಲೀಫ್ ಎಂಬ ಎರಡು ತಳಿ ಕೂಡಿಸಿ, ಹೆಸರನ್ನೂ ಹಾಗೇ ಕತ್ತರಿಸಿ ಕೂಡಿಸಿ, 1935ರಲ್ಲಿ ಹೊರಬಿಟ್ಟರು.

ಕೂರ್ಗ್ ಆರೆಂಜ್ ಬೋರ್ಡಿನ ಕೆಳಗೆ ಈ ಕಿನ್ನೋ ಮತ್ತು ನಾಗಪುರದ ಹಣ್ಣು ಕೂರುವುದೂ ಇದೆ. ಗುರುತು ಹಿಡಿಯೋದು ಕಷ್ಟ ಅಲ್ಲ. ನಾಗಪುರದ್ದರ ಸಿಪ್ಪೆ ಸಡಿಲ, ಒತ್ತಿದರೆ ಒಳಗೆ ಪೊಳ್ಳು ಗೊತ್ತಾಗುತ್ತದೆ. ಕೊಡಗಿನದ್ದು ಬಿಗಿ, ಹಸಿರು ಹಳದಿ, ಸಿಹಿಯ ಹಿಂದೆಯೇ ಒಂದು ಹುಳಿ, ಬೇಗ ಕೆಡುವುದೂ ಇಲ್ಲ. ಈ ಗುಣಗಳಿಗಾಗಿಯೇ ಕೂರ್ಗ್ ಆರೆಂಜ್ ಹೆಸರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ.

ಮಾರುತ್ತಾರೆ, ಯಾಕೆಂದರೆ ನಿಜವಾದದ್ದು ಸಾಕಷ್ಟು ಇಲ್ಲ. ಮೊದಲು ಕಾಫಿ ತೋಟದೊಳಗೆ ಕಿತ್ತಳೆ ಇಲ್ಲದ ಮನೆಯೇ ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಆಮೇಲೆ ಮರಗಳು ತುದಿಯಿಂದ ಒಣಗುತ್ತಾ ಬಂದವು. ಅದಕ್ಕೆ ಒಂದೇ ಕಾರಣ ಇಲ್ಲ, ಬೇರು ಕೊಳೆಯುವುದೂ ಇದೆ, ವೈರಸ್ ಕೂಡ ಇದೆ. ರೋಗಗಳ ಹೆಸರುಗಳೂ ಈ ಹಣ್ಣಿನ ಹಾಗೆ ದೇಶ ಸುತ್ತಿದವು. ಸಸ್ಯಹೇನು ಹರಡುವ ಒಂದು ವೈರಸ್ ರೋಗಕ್ಕೆ ಟ್ರಿಸ್ಟೆಜಾ ಅನ್ನುತ್ತಾರೆ. ಪೋರ್ಚುಗೀಸ್‌ನಲ್ಲೂ ಸ್ಪ್ಯಾನಿಷ್‌ನಲ್ಲೂ ಅದರ ಅರ್ಥ ದುಃಖ, ತೋಟ ಕಳೆದುಕೊಂಡ ದಕ್ಷಿಣ ಅಮೆರಿಕದ ರೈತರು ಇಟ್ಟ ಹೆಸರು. ಇನ್ನೊಂದು ಗ್ರೀನಿಂಗ್, ಸಿಲ್ಲಿಡ್ ಎಂಬ ಪುಟ್ಟ ಕೀಟದಿಂದ ಹರಡುವ ಬ್ಯಾಕ್ಟೀರಿಯಾ. ಎಲೆ ಅಲ್ಲಲ್ಲಿ ಹಳದಿಯಾಗುತ್ತದೆ, ಹಣ್ಣು ವಕ್ರವಾಗಿ ಒಂದು ಕಡೆ ಹಸಿರಾಗಿಯೇ ಉಳಿಯುತ್ತದೆ, ರುಚಿ ಕಹಿ. ಬಂದ ಮರಕ್ಕೆ ಮದ್ದಿಲ್ಲ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ರೋಗ ಇಲ್ಲದ ಗಿಡ ನೆಡಿ, ಕೀಟ ತಡೆಯಿರಿ ಅಂತ ಹೇಳುತ್ತಲೇ ಇದ್ದಾರೆ. ಆದರೆ ಕರಿಮೆಣಸಿಗೆ ಒಳ್ಳೆ ರೇಟ್ ಇರುವಾಗ ಕಿತ್ತಳೆಗೆ ಅಷ್ಟು ಆರೈಕೆ ಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ.

ಹಣ್ಣು ಕಡಿಮೆಯಾದರೂ ಪದಕ್ಕೆ ಕೆಲಸ ಕಡಿಮೆಯಾಗಿಲ್ಲ. ಚಹಾದ ಡಬ್ಬಿಯ ಮೇಲೆ ಆರೆಂಜ್ ಪೆಕೋ ಅಂತ ಇರುತ್ತದೆ, ಅದರಲ್ಲಿ ಕಿತ್ತಳೆ ವಾಸನೆ ಹುಡುಕಬೇಡಿ. ಅದು ಎಲೆಯ ದರ್ಜೆಯ ಹೆಸರು, ಡಚ್ ಮನೆತನದ ನೆನಪಿರಬಹುದು ಅಂತ ಒಂದು ಊಹೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್ ವಿಷಕ್ಕೆ ಆ ಹೆಸರು ಬಂದದ್ದು ಪೀಪಾಯಿಯ ಮೇಲೆ ಬಳಿದ ಪಟ್ಟಿಯ ಬಣ್ಣದಿಂದ, ದ್ರಾವಣದ ಬಣ್ಣದಿಂದ ಅಲ್ಲ. ವಿಮಾನದ ಬ್ಲ್ಯಾಕ್ ಬಾಕ್ಸ್ ಹೆಸರಿಗೆ ಕಪ್ಪು, ಬಣ್ಣ ಆರೆಂಜ್, ಅವಶೇಷಗಳ ನಡುವೆ ಬೇಗ ಕಣ್ಣಿಗೆ ಬೀಳಲಿ ಅಂತ.

ಕೊಡಗಿನಲ್ಲಂತೂ ಜೂನ್ ಬಂತೆಂದರೆ ಈ ಪದಕ್ಕೆ ಹಣ್ಣೂ ಇಲ್ಲ, ಬಣ್ಣವೂ ಇಲ್ಲ, ಮಳೆಯೇ ಅರ್ಥ. ನಾಳೆ ಆರೆಂಜ್ ಅಂತೆ ಅಂದರೆ ಸಾಕು. ಅಲರ್ಟ್ ಅಂತ ಸೇರಿಸಬೇಕಾಗಿಲ್ಲ. 'ಕಿತ್ತಳೆ ಎಚ್ಚರಿಕೆ' ಅಂತ ಯಾರೂ ಅನ್ನುವುದಿಲ್ಲ, ಅಂದರೆ ನಗುತ್ತಾರೆ. ಮಕ್ಕಳಿಗೆ ಅದರ ಅರ್ಥ ಶಾಲೆಗೆ ರಜೆ ಸಿಗಬಹುದು ಅಂತ, ಆದರೆ ರಜೆ ಕೊಡುವುದು ಬಿಡುವುದು ಜಿಲ್ಲಾಧಿಕಾರಿ ತೀರ್ಮಾನ, ಬಣ್ಣ ಬಂದ ಕೂಡಲೇ ರಜೆ ಅಂತೇನಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಸಿರು ಅಂದರೆ ಎಚ್ಚರಿಕೆ ಏನೂ ಇಲ್ಲ, ಹಳದಿ ಅಂದರೆ ಗಮನ ಇಟ್ಟಿರಿ, ಆರೆಂಜ್ ಅಂದರೆ ತಯಾರಾಗಿರಿ, ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ಆರೆಂಜ್ ಸಾಮಾನ್ಯವಾಗಿ ಬರುವುದು 24 ಗಂಟೆಯಲ್ಲಿ 115.6 ಮಿಲಿಮೀಟರ್‌ನಿಂದ 204.4 ಮಿಲಿಮೀಟರ್ ತನಕ ಮಳೆ ಬೀಳಬಹುದು ಅನ್ನುವಾಗ. ಮಿಲಿಮೀಟರ್ ಲೆಕ್ಕ ನಮ್ಮ ತೋಟದವರಿಗೆ ಆಗಿಬರುವುದಿಲ್ಲ. ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವವರಿಗೆ ಹೇಳುವುದಾದರೆ, ಸುಮಾರು ನಾಲ್ಕೂವರೆ ಇಂಚಿನಿಂದ ಎಂಟು ಇಂಚಿನ ತನಕ ಆರೆಂಜ್, ಅದರಾಚೆಗೆ ಹೋದರೆ ರೆಡ್.